ಮರಿಯಮ್ಮನ ಅಲಾರಂ

ಸಂಪಿಗೆ ಊರಿನ ಆಚೆ, ಕೆರೆ ಹಿಂದಿನ ತೋಟಗಳಲ್ಲಿ ಮರಿಯಮ್ಮನ ಗಂಟಲನ್ನು ಅರಿಯದವರಿಲ್ಲ. ಹಾವು ಕಂಡರೂ ಅದೇ ಕೂಗು, ಹಾಲು ಉಕ್ಕಿದರೂ ಅದೇ ಕೂಗು. ಹಿಂದೊಮ್ಮೆ ಗಂಡ ಶ್ರೀರಂಗಯ್ಯ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನು ಮರ ಹತ್ತುವುದು ಬಿಟ್ಟ, ಇವಳಿಗೆ ಕೂಗುವುದು ಅಂಟಿತು. ಪಕ್ಕದ ತೋಟದ ಬಾಲರಾಜು ಅವಳಿಗೆ ‘ಅಲಾರಂ’ ಎಂದು ಹೆಸರಿಟ್ಟ. ಊರಿಗೆ ಅಷ್ಟು ಸಾಕಾಯಿತು.

ಮರಿಯಮ್ಮನಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ತನ್ನ ಹೆಸರಿನ ಅರ್ಥ ತನಗೇ ಗೊತ್ತಿಲ್ಲವೆಂದರೆ ಹೇಗೆ? ಸಿಕ್ಕವರನ್ನೆಲ್ಲ ಕೇಳಿದಳು. ಕರೆಂಟು ಬರುವ ಹೊತ್ತಿಗೆ ಮೋಟರು ಹಾಕಲು ಎಬ್ಬಿಸುವುದು ಎಂದು ಬಾಲರಾಜು ಮೊಬೈಲು ತೋರಿಸಿದ. ಕಳ್ಳ ಬಾಗಿಲು ಮುಟ್ಟಿದರೆ ಬಡಕೊಳ್ಳುವುದು ಎಂದ ಕೊಬ್ಬರಿ ವ್ಯಾಪಾರದ ರಾಜಣ್ಣ. ಎರಡೂ ಮರ್ಯಾದೆಯ ಕೆಲಸವೇ ಎಂದು ಮರಿಯಮ್ಮ ಒಳಗೊಳಗೇ ಬೀಗಿದಳು. ಕೊನೆಗೆ ಹೈಸ್ಕೂಲು ಓದುವ ಮೊಮ್ಮಗಳು ಯೋಗಿತಾಳನ್ನು ಹಿಡಿದಳು.

“ಇಂಗ್ಲಿಷಲ್ಲಿ ಎಚ್ಚರ್ಸೋದಕ್ಕೂ ಅದೇ, ಎದರ್ಸೋದಕ್ಕೂ ಅದೇ ಕಣಜ್ಜಿ. ಎದೆ ಧಸಕ್ ಅಂತದಲ್ಲ, ಅದೂ ಅಲಾರಮ್ಮೇ” ಎಂದಳು ಯೋಗಿತಾ.

“ಎಲಾ ಇವ್ರಾ! ಅಷ್ಟು ದೊಡ್ಡ ಭಾಷೇಲಿ ಮಾತಿಗೆ ಬರ ಬಂದಿತ್ತಾ?”

ಒಲೆ ಮುಂದಿದ್ದ ಸೊಸೆ ರಾಧಾಮಣಿ ತಿರುಗಿದಳು. ಅವಳು ತರಬೇತಿ ಪಡೆದು, ಮರ ಹತ್ತುವ ಮಿಷನ್ನು ಕಟ್ಟಿಕೊಂಡು, ಸುತ್ತಲ ತೋಟಗಳ ಕಾಯಿ ಕೀಳುವವಳು. ಅವಳು ಹತ್ತಿದ ಮರದ ಬುಡದಲ್ಲೆಲ್ಲ ಅತ್ತೆ ಹಾಜರು.

“ನಿಮ್ಮತ್ರಾನೂ ಎರಡೂ ಒಂದೇ ಅಲ್ವಾ ಅತ್ತೆ? ನೀವು ಹುಷಾರೂ ಅಂತ ಕೂಗಿದ್ರೆ ನಾನು ಹುಷಾರಾಗಲ್ಲ, ಕೈ ನಡುಗ್ತದೆ. ಇನ್ನೊಂದ್ಸಲ ಕೂಗಿದ್ರೆ ಮರದ ತಾವ್ಕೆ ಬರ್ಬ್ಯಾಡಿ.”

ಮರಿಯಮ್ಮನಿಗೆ ಚುರುಕ್ಕೆಂದಿತು. ಬೈದರೆ ತಡೆದುಕೊಳ್ಳಬಹುದು. ಆದರೆ ಸೊಸೆ ಮರದ ಮೇಲಿರುವಾಗ ತಾನು ಮನೆಯಲ್ಲಿ ಕೂರುವುದು ಹೇಗೆ? ಮರುದಿನದಿಂದ ಸೆರಗನ್ನು ಬಾಯಿಗೆ ತುರುಕಿಕೊಂಡೇ ನಿಂತಳು. ನಿಂತಲ್ಲಿ ಅದೇ ಯೋಚನೆ: ಹೆದರಿಸದೆ ಎಚ್ಚರಿಸುವುದು ಎಂದರೆ ಹೇಗಿರುತ್ತದೆ? ಬಾಯಿ ಕಟ್ಟಿಕೊಂಡ ಮೇಲೆ ಕಣ್ಣಿಗೆ ಕೆಲಸ ಹೆಚ್ಚಾಯಿತು.

ಬಾಲರಾಜುವಿನ ತೋಟದಲ್ಲಿ ಒಂದು ಬೆಳಿಗ್ಗೆ ರಾಧಾಮಣಿ ಮರದ ತುದಿ ಮುಟ್ಟಿ, ಒಣಗಿದ ಗರಿಯೊಂದನ್ನು ಎಳೆದುಹಾಕಲು ಕೈ ಚಾಚಿದಳು. ಇನ್ನೊಂದು ಮಗ್ಗುಲಲ್ಲಿ ನಿಂತಿದ್ದ ಮರಿಯಮ್ಮನಿಗೆ ಆ ಗರಿಯ ಮರೆಯ ಕಡಜದ ಗೂಡು ಕಂಡಿತು. ಕೊಡದಷ್ಟು ದಪ್ಪ, ಮೈತುಂಬ ಕಡಜ. ಕೂಗು ಗಂಟಲಿಗೆ ಬಂದೇಬಿಟ್ಟಿತ್ತು. ಕೂಗಿದರೆ ಸೊಸೆ ಬೆಚ್ಚಿ ಅದೇ ಗರಿಯನ್ನು ಹಿಡಿಯುತ್ತಾಳೆ, ಸುಮ್ಮನಿದ್ದರೆ ಎಳೆಯುತ್ತಾಳೆ. ಮರಿಯಮ್ಮ ಸೆರಗನ್ನು ಬಾಯಿಂದ ತೆಗೆದು, ತೊಟ್ಟಿಲು ತೂಗುವಾಗಿನ ದನಿಯಲ್ಲಿ ನಿಧಾನವಾಗಿ ಹೇಳಿದಳು.

“ರಾಧಾ, ಆ ಗರಿ ಹಂಗೇ ಇರ್ಲಿ ಬುಡವ್ವ. ಕಾಫಿ ಆರೋಯ್ತದೆ. ಮೆಲ್ಲಕೆ ಇಳ್ದು ಬಾ, ನನ್ನವ್ವ.”

ರಾಧಾಮಣಿಯ ಕೈ ಅಲ್ಲೇ ನಿಂತಿತು. ತೋಟಕ್ಕೆ ಯಾರೂ ಕಾಫಿ ತಂದಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆ ಒಮ್ಮೆಯೂ ಇಷ್ಟು ಮೆತ್ತಗೆ ಮಾತಾಡಿರಲಿಲ್ಲ. ಏನೋ ಇದೆ ಎಂದು ಅವಳಿಗೆ ತಿಳಿಯಿತು. ಕೇಳಲಿಲ್ಲ, ಮೇಲೆ ನೋಡಲಿಲ್ಲ. ಕೈ ಹಿಂದಕ್ಕೆ ತೆಗೆದು, ಒಂದೊಂದೇ ಹೆಜ್ಜೆ ಇಳಿಸುತ್ತ ಕೆಳಗೆ ಬಂದಳು.

“ಏನತ್ತೆ?”

ಮರಿಯಮ್ಮ ಅವಳನ್ನು ದೂರ ಎಳೆದೊಯ್ದು ಗೂಡಿನ ಕಡೆ ಬೆರಳು ತೋರಿಸಿದಳು. ನೆಲಕ್ಕೆ ಕೂತವಳೇ, ಅಷ್ಟು ಹೊತ್ತು ನುಂಗಿಕೊಂಡಿದ್ದ ಕೂಗನ್ನು ಪೂರ್ತಿ ಬಿಟ್ಟಳು. ಬಾಲರಾಜು ಬಿದ್ದಂಬೀಳ ಓಡಿಬಂದ.

“ಯಾರ್ಗೇನಾಯ್ತು ದೊಡ್ಡಮ್ಮಾ?”

“ಏನೂ ಆಗ್ಲಿಲ್ಲ ಕಣಪ್ಪ, ಏನೂ ಆಗ್ಲಿಲ್ಲ!” ಎಂದು ಮರಿಯಮ್ಮ ಸೊಸೆಯ ಕೈ ಬಿಡದೆ ಇನ್ನೊಮ್ಮೆ ಕೂಗಿದಳು. ರಾಧಾಮಣಿ ತಡೆಯಲಿಲ್ಲ.