ಶನಿವಾರದ ಬರಿಗೋಡೆ

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಇನ್ನೂ ದೀಪ ಹೊತ್ತಿಲ್ಲ. ತುದಿಯ ಕೋಣೆಯಲ್ಲಿ ಮಾತ್ರ ಒಬ್ಬರು ಸ್ಟೂಲ್ ಹತ್ತಿ, ಗೋಡೆಯ ಮೇಲಿನ ಮಕ್ಕಳನ್ನು ಒಂದೊಂದಾಗಿ ಕೆಳಗಿಳಿಸುತ್ತಿದ್ದಾರೆ. ನಗುವ ಕೂಸು, ಬೆರಳು ಚೀಪುವ ಕೂಸು, ಅವಳಿಗಳು, ಎಲ್ಲ ಚಿತ್ರಪಟಗಳು. ವಾರವಿಡೀ ಇಲ್ಲಿ ಬಸುರಿಯರ ತರಗತಿ. ಶನಿವಾರ ಬೆಳಿಗ್ಗೆ ಮಾತ್ರ ಮಕ್ಕಳಾಗದ ಹೆಂಗಸರು ಬಂದು ಕೂರುತ್ತಾರೆ. ಅಷ್ಟರೊಳಗೆ ಗೋಡೆ ಬರಿದಾಗಬೇಕು.

"ಏನಕ್ಕ, ಬೆಳಬೆಳಗ್ಗೆ ಮಕ್ಕಳ ಕಳ್ಳಿ ಆಗ್ಬಿಟ್ರಾ?" ಎಂದು ನೆಲ ಒರೆಸುವ ಆಯಾ ರೇಗಿಸುತ್ತಾಳೆ.

"ಬಾಯಿ ಮುಚ್ಕೊಂಡು ಸ್ಟೂಲ್ ಹಿಡ್ಕೊಳೇ. ಬಿದ್ರೆ ನಿನ್ನ ಮೇಲೇ ಬೀಳ್ತೀನಿ."

ಸ್ಟೂಲಿನ ಮೇಲಿರುವವರು ಆಪ್ತಸಮಾಲೋಚಕಿ. ಹಿಂದೆ ಇಲ್ಲೇ ನರ್ಸ್ ಆಗಿದ್ದವರು. ದಂಪತಿ ಕೂಡಬೇಕೆಂದು ಡಾಕ್ಟರು ಗುರುತಿಸಿದ ದಿನಗಳನ್ನು ಫೋನಿನಲ್ಲಿ ತಿಳಿಸುವುದು ಆಗ ಇವರ ಕೆಲಸ. "ಇವತ್ತು ರಾತ್ರಿ, ಇಲ್ಲಾಂದ್ರೆ ನಾಳೆ ಅಂತ ಹೇಳಿ ಇಟ್ಬಿಡ್ತಿದ್ದೆ. ಒಂದಿನ ಒಬ್ಬಳು ಕೇಳಿದಳು, 'ದಿನ ಗೊತ್ತಾಯ್ತು ಸಿಸ್ಟರ್, ನಾವಿಬ್ರೂ ಮಾತು ಬಿಟ್ಟು ತಿಂಗಳಾಯ್ತಲ್ಲ, ಅದಕ್ಕೇನ್ ಮಾಡ್ಲಿ?' 'ಇವತ್ತು ರಾತ್ರಿ' ಅಂತ ಮತ್ತೆ ಅದನ್ನೇ ಹೇಳಿ ಫೋನ್ ಇಟ್ಟೆ." ಅದಾದ ಮೇಲೆಯೇ ಅವರು ರಜೆಗಳಲ್ಲಿ ಓದಿ ಈ ಕೆಲಸಕ್ಕೆ ಬಂದದ್ದು.

ಹತ್ತು ಹನ್ನೆರಡು ಕುರ್ಚಿಗಳು ದುಂಡಗೆ ಕೂರುತ್ತವೆ. ಮಾತ್ರೆ, ವರದಿಗಳ ಮಾತಿಗೆ ಕೆಳಗಿನ ಮಹಡಿಯಿದೆ. ಇಲ್ಲಿ ಬಾಯಿಗೆ ಬರುವುದು ಅತ್ತೆಯ ಚುಚ್ಚುಮಾತು, ನಾದಿನಿಯ ಬಸಿರು, ಹಾಸಿಗೆಯ ಮುಜುಗರ. ಸಮಾಲೋಚಕಿ ಯಾರನ್ನೂ ಅವಸರಪಡಿಸುವುದಿಲ್ಲ.

ಬಾಗಿಲ ಪಕ್ಕ ಕೂರುವ ಹೊಲಿಗೆಯಾಕೆ ಬಹಳ ದಿನ ತುಟಿ ಬಿಚ್ಚಿರಲಿಲ್ಲ. ಕಳೆದ ತಿಂಗಳು ಒಮ್ಮೆಲೇ ಹೇಳಿಬಿಟ್ಟಳು: "ತಾರೀಖು ಬಂತು ಅಂದ್ರೆ ನಮ್ಮನೆಯವರು ನೈಟ್ ಶಿಫ್ಟಿಗೆ ಹೊರಟವರ ಥರ ಮುಖ ಮಾಡ್ತಾರೆ. ನಾನು ಗೋಡೆ ನೋಡ್ಕೊಂಡು ಮಲಗ್ತೀನಿ. ತವರಿಗೆ ಹೋಗ್ಬಿಡೋಣ ಅಂತ ಬ್ಯಾಗ್ ತುಂಬಿಟ್ಟಿದೀನಿ ಅಕ್ಕ." ಯಾರೋ ಕಿಸಕ್ಕೆಂದರು. ಎಲ್ಲರೂ ನಕ್ಕರು. ನಗುತ್ತಲೇ ಅವಳು ಅತ್ತಳು.

ಸಮಾಲೋಚಕಿ ಡಾಕ್ಟರೊಂದಿಗೆ ಮಾತಾಡಿ ಆ ದಂಪತಿಗೆ ಒಂದು ತಿಂಗಳು ತಾರೀಖಿನಿಂದ ಬಿಡುವು ಕೊಡಿಸಿದರು. "ಕೈ ಹಿಡ್ಕೊಂಡು ಕೂತ್ರೂ ಸಾಕು. ಅದರ ವರದೀನೂ ಯಾರಿಗೂ ಒಪ್ಪಿಸ್ಬೇಡ, ನನಗೂ" ಎಂದು ಕಳಿಸಿದರು. ಆಮೇಲೆ ಅವಳು ಬಂದಿಲ್ಲ. ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳೇ? ಈ ಬೆಳಿಗ್ಗೆಯೂ ಅವರ ಕಣ್ಣು ಮತ್ತೆ ಮತ್ತೆ ಬಾಗಿಲಿನತ್ತ ಹೋಗುತ್ತದೆ.

ಅವಳೇ ಎಲ್ಲರಿಗಿಂತ ಮೊದಲು ಬರುತ್ತಾಳೆ. ಗೋಡೆಯಲ್ಲಿ ಒಂದು ಕೂಸು ಇನ್ನೂ ನಗುತ್ತಿದೆ. ಸಮಾಲೋಚಕಿ ಗಡಿಬಿಡಿಯಿಂದ ಸ್ಟೂಲ್ ಎಳೆಯುತ್ತಾರೆ.

"ಬಿಡಿ ಅಕ್ಕ, ನಂಗೆ ಎಟಕತ್ತೆ." ಚಿತ್ರವನ್ನು ತಾನೇ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಮಿಕ್ಕವುಗಳ ಮೇಲೆ ಮಗುಚಿಡುತ್ತಾಳೆ.

"ಬ್ಯಾಗ್ ಏನಾಯ್ತು?"

"ಅವರೇ ಬಿಚ್ಚಿದ್ರು. ನನ್ನ ಬಟ್ಟೆಯೆಲ್ಲ ತಗೊಂಡ್ಹೋಗಿ ಅವರ ಕಪಾಟಿಗೆ ತುರುಕಿದಾರೆ, ಇಸ್ತ್ರಿಯೆಲ್ಲ ಹಾಳು. ದೊಡ್ಡ ಜಗಳ ಆಯ್ತು. ಎಷ್ಟು ದಿನ ಆಗಿತ್ತು ಅಕ್ಕ, ನಾವು ಜಗಳ ಆಡಿ!"

ಮಧ್ಯಾಹ್ನ ಕೋಣೆ ಖಾಲಿಯಾದ ಮೇಲೆ ಚಿತ್ರಗಳು ಮತ್ತೆ ಗೋಡೆಗೇರುತ್ತವೆ. ಇಲ್ಲಿಗೆ ಬಂದವರಲ್ಲಿ ಎಷ್ಟು ಮಂದಿ ತಾಯಂದಿರಾದರು ಎಂದು ಕೇಳಿದರೆ ಸಮಾಲೋಚಕಿ ಗೊತ್ತಿಲ್ಲವೆಂದು ತಲೆಯಾಡಿಸುತ್ತಾರೆ. "ಅದು ಕೆಳಗಿನ ಮಹಡಿಯವರನ್ನ ಕೇಳಿ. ನನಗೆ ಜಗಳ ಆಡೋರು ಎಷ್ಟು ಜನ ಅಂತ ಮಾತ್ರ ಗೊತ್ತು. ಇನ್ನೊಂದು ಬರಿಗೋಡೆಯ ರೂಮ್ ಕೊಟ್ರೆ ಸಾಕು, ನನ್ನ ಮೊಣಕಾಲು ಉಳಿಯತ್ತೆ."