ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲು

ಹೈದರಾಬಾದಿನ ಕೂಕಟ್‌ಪಲ್ಲಿಯ ಶಾಲೆಗೆ ಸೇರಿಸಿದ ಮೊದಲ ವಾರ, ಮಧ್ಯಾಹ್ನ ಮಗಳನ್ನು ನೋಡಲು ಹೋದೆ. ತರಗತಿಯ ಮಕ್ಕಳೆಲ್ಲ ಒಳಗೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಆರು ವರ್ಷದ ಅಕ್ಷತಾ ಮಾತ್ರ ವರಾಂಡದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲಿನ ಮೇಲಿದ್ದಳು. ಒದ್ದೆ ಬೂಟುಗಳ ವಾಸನೆಯಲ್ಲಿ ರೊಟ್ಟಿ ಮುರಿಯುತ್ತಿದ್ದಳು. ನನಗೆ ಹೇಸಿಗೆಯಾಯಿತು.

ಅವಳಿಗೆ ಶೇಂಗಾ ಆಗುವುದಿಲ್ಲ. ಚೂರು ತಗುಲಿದರೂ ತುಟಿ ಬಾತು ಉಸಿರು ಕಟ್ಟುತ್ತದೆ. ಇಲ್ಲಿ ಶೇಂಗಾಕ್ಕೆ ಪಲ್ಲಿ ಎನ್ನುತ್ತಾರೆ. ಪಲ್ಲಿ ಚಟ್ನಿ ಇಲ್ಲದೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಪತ್ರಿಕೆಯ ಡೆಸ್ಕ್ ಬಿಟ್ಟು ಸಾಫ್ಟ್‌ವೇರ್ ಕಂಪನಿಗೆ ಕೈಪಿಡಿ ಬರೆಯಲು ಬಂದವನು ನಾನು. ಈ ಒಂದು ವಿಷಯದಲ್ಲಿ ನಮ್ಮ ಗದಗಿಗೂ ಹೈದರಾಬಾದಿಗೂ ಭೇದವಿರಲಿಲ್ಲ.

ಮುಖ್ಯ ಶಿಕ್ಷಕಿ ರಾಯಚೂರಿನ ಕಡೆಯವರು. "ನಲವತ್ತು ಡಬ್ಬಿ ನಾ ಹ್ಯಾಂಗ ಮೂಸಿ ನೋಡ್ಲಿರಿ ಸರ? ದೂರ ಕುಂದ್ರಿಸೀನಿ, ಜೀವಕ್ಕ ಧಕ್ಕಿ ಇಲ್ಲ."

"ಮರ್ಯಾದಿಗೆ?" ಎಂದೆ. ಇಡೀ ತರಗತಿಯೇ ಪಲ್ಲಿ ಬಿಡಲಿ ಎಂದು ಹಟ ಹಿಡಿದೆ.

ಅವರು ಪಾಲಕರ ಸಭೆ ಕರೆದರು. "ಇನ್ನು ಇಡ್ಲಿಗೆ ಕಣ್ಣೀರೇ ಚಟ್ನಿ!" ಎಂದು ತಾಯಿಯೊಬ್ಬರು ತೆಲುಗಿನಲ್ಲಿ ಚುಚ್ಚಿದರು. ಸಭೆ ನಕ್ಕಿತು. ಆದರೂ ಒಪ್ಪಿತು. ಅಕ್ಷತಾ ಒಳಗೆ ಸಾಲಿನಲ್ಲಿ ಕೂತಳು. ಬಾಡಿಗೆ ಮನೆ ಸಿಕ್ಕಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮೂರು ತಿಂಗಳ ಬಳಿಕ ಶಾಲೆಯಿಂದ ಫೋನು ಬಂತು. ಓಡಿದೆ. ಪಕ್ಕದ ನರ್ಸಿಂಗ್ ಹೋಮಿನಲ್ಲಿ ಚುಚ್ಚುಮದ್ದು ಕೊಟ್ಟ ಮೇಲೆ ಮಗಳ ಉಸಿರಾಟ ಸರಿಹೋಗಿತ್ತು.

"ಯಾರ ಡಬ್ಬಿಯೊಳಗಿತ್ತು? ಹೆಸರು ಹೇಳ್ರಿ!" ಎಂದು ಕೂಗಾಡಿದೆ.

ಮುಖ್ಯ ಶಿಕ್ಷಕಿ ಅಕ್ಷತಾಳ ಡಬ್ಬಿಯ ಮುಚ್ಚಳ ತಿರುವಿ ನನ್ನ ಕೈಗಿಟ್ಟರು. ಅಂಚಿನ ಸಂದಿಯಲ್ಲಿ ಕೆಂಪು ಪುಡಿ ಕೂತಿತ್ತು. ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಅವ್ವ ಗದಗಿನಿಂದ ಕಳಿಸಿದ್ದು, ಕಾಚಿಗೂಡ ಸ್ಟೇಷನ್ನಿನಲ್ಲಿ ನಾನೇ ಇಳಿಸಿಕೊಂಡಿದ್ದು. ಮನೆಗೆ ತರದೆ ಆಫೀಸಿನಲ್ಲಿಟ್ಟು ರೊಟ್ಟಿಯ ಜೊತೆ ತಿನ್ನುತ್ತಿದ್ದೆ. ನಮ್ಮಿಬ್ಬರ ಡಬ್ಬಿಗಳೂ ಒಂದೇ ಅಳತೆಯವು. ಮುಂಜಾನೆ ಡಬ್ಬಿ ಕಟ್ಟುವವನು ನಾನು. ಸರಿಯಾಗಿ ತೊಳೆಯದ ನನ್ನ ಮುಚ್ಚಳವನ್ನು ಅವಳ ಡಬ್ಬಿಗೆ ಹಾಕಿದವನೂ ನಾನೇ.

"ನಲವತ್ತು ಮಕ್ಕಳು ಪಲ್ಲಿ ಬಿಟ್ಟಾವ್ರಿ ಸರ," ಎಂದರು ಅವರು. ನನ್ನ ಮೇಲೆಯೇ ಹೇಸಿಗೆ ಬಂತು. ಅದು ಇನ್ನೂ ಹೋಗಿಲ್ಲ.

ರಜೆಗೆ ಗದಗಿಗೆ ಹೋದೆವು. ಅಡುಗೆಮನೆಯಿಂದ ಹಿಂಡಿಯ ಡಬ್ಬಿ ತೆಗೆದಿಡು ಎಂದೆ. "ಶೇಂಗಾ ಇಲ್ದ ಅಡಗಿಮನಿ ಎಲ್ಲೆರ ಐತೇನೋ?" ಎಂದ ಅವ್ವ, ಮೊಮ್ಮಗಳ ತಾಟನ್ನು ಹೊರಬಾಗಿಲ ಬಳಿ, ಚಪ್ಪಲಿ ಬಿಡುವಲ್ಲಿ ಇಟ್ಟಳು. ಶಾಲೆಯಲ್ಲಿ ಕೂಗಾಡಿದ ನಾನು ಇಲ್ಲಿ ನನ್ನ ತಾಟು ಎತ್ತಿಕೊಂಡು ಹೋಗಿ ಮಗಳ ಪಕ್ಕ ಕೂತೆ.

ಅಕ್ಷತಾ ಮೆಲ್ಲಗೆ ಕೇಳಿದಳು: "ಅಪ್ಪಾ, ನಮ್ಮೂರಿಗೆ ವಾಪಸ್ ಯಾವಾಗ ಹೋಗೂದು?"