ಮನೆಯಲ್ಲಿ ಪೇಷಂಟ್ ಇದ್ದಾರೆ

ಅಂಕಲ್ ಅವರ ಮೂಗಿನಿಂದ ಹೊರಟ ಪ್ಲಾಸ್ಟಿಕ್ ನಳಿಕೆ ಎರಡು ಕಿವಿಗಳನ್ನೂ ಬಳಸಿ, ಗದ್ದದ ಕೆಳಗೆ ಒಂದಾಗಿ, ಅಲ್ಲಿಂದ ಮನೆಯುದ್ದಕ್ಕೂ ಅವರ ಹಿಂದೆಯೇ ಹರಿದಾಡುತ್ತಿತ್ತು. ಅದು ಕುರ್ಚಿಯ ಕಾಲಿಗೆ ಸಿಕ್ಕಿಕೊಂಡರೆ ಅವರು ಬಗ್ಗುತ್ತಿರಲಿಲ್ಲ. ಎಡಗಾಲಿನ ಹೆಬ್ಬೆರಳಿಂದ ಎತ್ತಿ, ಪಂಚೆಯ ಅಂಚನ್ನು ಒದ್ದು ನಡೆಯುವವರ ಹಾಗೆ, ಅತ್ತ ಎಸೆದು ಮುಂದೆ ಸಾಗುತ್ತಿದ್ದರು. ನಳಿಕೆಯ ಇನ್ನೊಂದು ತುದಿಗೆ, ಹಾಲ್‌ನ ಮೂಲೆಯಲ್ಲಿ, ಆಮ್ಲಜನಕದ ಯಂತ್ರ ಗುರುಗುಟ್ಟುತ್ತಿತ್ತು. ಕರೆಂಟ್ ಇರುವಷ್ಟು ಹೊತ್ತು ಅದು ಗಾಳಿಯಿಂದ ಆಮ್ಲಜನಕ ಸೋಸಿ ಕೊಡುತ್ತಿತ್ತು. ಕರೆಂಟ್ ಹೋದರೆ ಪಕ್ಕದಲ್ಲಿಟ್ಟ ಒಂದು ಸಣ್ಣ ಸಿಲಿಂಡರ್. ಅದು ಎರಡು ಗಂಟೆ ಬಂದರೆ ಹೆಚ್ಚು.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸಾರ್ವಜನಿಕ ನೀತಿ ಓದುತ್ತಿದ್ದಾಗ ಮೂರು ಬೇಸಿಗೆಗಳನ್ನು ನಾನು ಅವರ ಮನೆಯ ಹಿತ್ತಲಿನ ತಗಡು ಛಾವಣಿಯ ಕೋಣೆಯಲ್ಲಿ ಕಳೆದೆ. ಸ್ಯಾಲಿಸ್‌ಬರಿ ಬಡಾವಣೆಯ ಆ ಮನೆ ಅವರ ಮಗಳದು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವೈದ್ಯೆಯಾಗಿದ್ದ ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಂಕಲ್ ಮೈಸೂರಿನವರು, ವಿದ್ಯುತ್ ಮಂಡಳಿಯಲ್ಲಿ ಇಂಜಿನಿಯರ್ ಆಗಿ ಅರ್ಧ ಸರ್ವಿಸನ್ನು ರಾಯಚೂರಿನಲ್ಲಿ ಸವೆಸಿದವರು. ಆದ್ದರಿಂದ ಈ ಮರಳುಗಾಡಿನಂಚಿನ ನಗರದ ಬಿಸಿಲು ಅವರಿಗೆ ಹೊಸದಾಗಿರಲಿಲ್ಲ.

“ಬಿಸಿಲಿಗೆ ಹೆದರಬೇಡ ಕಣಮ್ಮ, ಒಳಗೆ ಬಿಟ್ಕೋಬೇಡ ಅಷ್ಟೆ” ಎನ್ನುತ್ತಿದ್ದರು. ಬೆಳಿಗ್ಗೆ ಏಳರೊಳಗೆ ಅಡುಗೆ ಮುಗಿಯಬೇಕು, ಆಮೇಲೆ ಒಲೆ ಹಚ್ಚುವಂತಿಲ್ಲ. ಪಡುವಣದ ಕಿಟಕಿಗಳಿಗೆ ಅಲ್ಯೂಮಿನಿಯಂ ಹಾಳೆ. ಹತ್ತಕ್ಕೆ ರಾಗಿ ಅಂಬಲಿ, ಮಧ್ಯಾಹ್ನ ಮಜ್ಜಿಗೆ. ನನ್ನ ಕೋಣೆಯ ಬಾಗಿಲಿಗೆ ತಮ್ಮ ಹಳೆಯ ಪಂಚೆಯನ್ನೇ ಒದ್ದೆ ಮಾಡಿ ಇಳಿಬಿಡಿಸುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ನಾನು ‘ತಾಪ ಸಹಿಷ್ಣುತೆ’ಯ ಕುರಿತು ಪ್ರಬಂಧ ಬರೆಯುತ್ತಿದ್ದ ದಿನಗಳಲ್ಲಿ ಆ ಒದ್ದೆ ಪಂಚೆಯೇ ನನ್ನನ್ನು ಕುಳಿತು ಬರೆಯುವಂತೆ ಮಾಡಿತು.

ಕರೆಂಟ್ ಹೋದೊಡನೆ ಅವರ ಇನ್ನೊಂದು ರೂಪ ಹೊರಬರುತ್ತಿತ್ತು. ಮನೆಯ ವಿದ್ಯುತ್ ಖಾತೆಯನ್ನು ಹಟ ಹಿಡಿದು ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದರು. ದೂರು ಕೊಡುವ ಹಕ್ಕು ಕೂಡ ತಮ್ಮದೇ ಎಂಬ ಗತ್ತು. ಫೋನ್ ಎತ್ತಿದವರಿಗೆ ಮೊದಲು ತಮ್ಮ ಪೂರ್ತಿ ಹೆಸರು ಹೇಳಿ, ಆಮೇಲೆ “ಯುವರ್ ಗುಡ್ ನೇಮ್ ಪ್ಲೀಸ್?” ಎಂದು ಕೇಳುತ್ತಿದ್ದರು. ಅತ್ತಲಿಂದ “ಜಾಶ್, ಮೇಟ್” ಎಂದರೆ ಬಿಡುತ್ತಿರಲಿಲ್ಲ.

“ಓನ್ಲಿ ಜಾಶ್? ಇನಿಷಿಯಲ್ ಇಲ್ವಾ ನಿಂಗೆ?” ಎಂದು ಅರ್ಧ ಕನ್ನಡದಲ್ಲೇ ಗದರಿಸಿ, ನನ್ನತ್ತ ತಿರುಗಿ, “ಊರಲ್ಲಿ ಎಷ್ಟು ಜನ ಜಾಶ್‌ಗಳಿರ್ತಾರೋ! ನಾಳೆ ಯಾರನ್ನ ಅಂತ ಹುಡುಕೋದು?” ಎನ್ನುತ್ತಿದ್ದರು.

“ಬಿಡಿ ಅಂಕಲ್, ಪಾಪ ಕಾಲ್ ಸೆಂಟರ್ ಹುಡುಗ” ಎಂದು ನಾನು ನಕ್ಕೆ.

“ಪಾಪಾನೇ. ಆದ್ರೆ ಕರೆಂಟ್ ತಾನಾಗೇ ಎದ್ದು ಹೋಗಲ್ಲ ಕಣಮ್ಮ. ಯಾರೋ ಒಬ್ಬ ತೆಗೆದಿರ್ತಾನೆ.”

ಮೊದಲ ಬೇಸಿಗೆಯಲ್ಲಿ ಇದೆಲ್ಲ ನನಗೆ ನಿವೃತ್ತರೊಬ್ಬರ ಗೀಳಾಗಿ ಕಂಡಿತ್ತು. ಒಂದು ವಿಚಿತ್ರವನ್ನು ಮಾತ್ರ ಗಮನಿಸಿದ್ದೆ. ಎಷ್ಟು ಹೊತ್ತು ವಾದಿಸಿದರೂ, ಮನೆಯಲ್ಲಿ ಯಂತ್ರದ ಮೇಲೆ ಉಸಿರಾಡುವ ವ್ಯಕ್ತಿ ಇದ್ದಾರೆ ಎಂಬ ಒಂದೇ ಒಂದು ಮಾತನ್ನು ಅವರು ಹೇಳುತ್ತಿರಲಿಲ್ಲ. ಕೇಳಿದಾಗ ಅಂಬಲಿಯ ಲೋಟ ಕೈಗಿತ್ತು ಮಾತು ಮರೆಸಿದರು.

ಇಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ಜೀವರಕ್ಷಕ ಯಂತ್ರವಿರುವ ಮನೆಗಳ ಪಟ್ಟಿಯನ್ನು ವಿದ್ಯುತ್ ಕಂಪನಿ ಇಟ್ಟುಕೊಂಡಿರಬೇಕು, ಗೊತ್ತಿದ್ದು ಮಾಡುವ ಕಡಿತವಾದರೆ ಅಂಥ ಮನೆಗಳಿಗೆ ಮೊದಲೇ ತಿಳಿಸಬೇಕು. ಯಂತ್ರ ಬಂದ ವಾರವೇ ಅಕ್ಕ ಹೆಸರು ಬರೆಸಿದ್ದಳು. ಆದ್ದರಿಂದ ನಾವಿಬ್ಬರೂ ನಿಶ್ಚಿಂತರಾಗಿದ್ದೆವು.

ಮೂರನೆಯ ಬೇಸಿಗೆಯ ಜನವರಿ. ನಾಲ್ಕು ದಿನಗಳಿಂದ ಹಗಲಿನ ಉಷ್ಣಾಂಶ ನಲವತ್ತರ ಕೆಳಗೆ ಇಳಿದಿರಲಿಲ್ಲ. ಬೆಳಿಗ್ಗೆಯೇ ಅಂಕಲ್, ಮಧ್ಯಾಹ್ನಕ್ಕೆ ಇಲ್ಲಿಯವರು ಅನ್ನುವ ‘ಆರ್ವೋ’ ಎಂಬ ಮಾತನ್ನೇ ಬಳಸಿ, ಹೇಳಿದ್ದರು: “ಈ ಆರ್ವೋ ತೆಗೀತಾರೆ ನೋಡ್ತಿರು. ಯಾವ ಬೀದೀದು ಮೊದಲು ತೆಗೀಬೇಕು ಅಂತ ಪಟ್ಟಿ ಹಿಡ್ಕೊಂಡು ಕೂತಿರ್ತಾನೆ ಒಬ್ಬ. ಆ ಪಟ್ಟಿ ಯಾವ ದೇಶದಲ್ಲೂ ದೊಡ್ಡವರ ಬೀದಿಯಿಂದ ಶುರುವಾಗಲ್ಲ. ನಾನೇ ಬರೀತಿದ್ದೆನಲ್ಲ, ಗೊತ್ತಿಲ್ವಾ ನಂಗೆ?”

ಎರಡು ಗಂಟೆಗೆ ತೆಗೆದರು. ಮೂಲೆಯ ಯಂತ್ರ ಒಮ್ಮೆ ಕಿರುಚಿ ಸುಮ್ಮನಾಯಿತು. ಅಕ್ಕ ಡ್ಯೂಟಿಯಲ್ಲಿದ್ದಳು, ಕಾರು ಅವಳ ಬಳಿ ಇತ್ತು. ನಾನು ನಳಿಕೆಯನ್ನು ಸಿಲಿಂಡರಿಗೆ ಬದಲಾಯಿಸಿದೆ. ಅಂಕಲ್ ಫೋನ್ ಹಿಡಿದರು. ನಲವತ್ತು ನಿಮಿಷ ಧ್ವನಿಮುದ್ರಿತ ಹೆಣ್ಣುದನಿ ನಮ್ಮ ಕರೆ ಅಮೂಲ್ಯವೆಂದು ಹೇಳುತ್ತಿತ್ತು. ಆಮೇಲೆ ಒಬ್ಬ ಸಿಕ್ಕಿದ. ಮನೆಯಲ್ಲಿ ವೈದ್ಯಕೀಯ ಯಂತ್ರವನ್ನು ನೆಚ್ಚಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ಅವನೇ ಕೇಳಿದ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

ಅಂಕಲ್ ಫೋನಿನಿಂದ ಮುಖ ತಿರುಗಿಸಿದರು. ಸಿಲಿಂಡರ್ ಇದ್ದರೂ ಆ ಸೆಖೆಯಲ್ಲಿ ತುಟಿ ಆಗಲೇ ನೀಲಿಗೆ ತಿರುಗುತ್ತಿತ್ತು.

“ಹೇಳಿ ಅಂಕಲ್!” ಎಂದೆ. ಅವರು ಒಲ್ಲೆನೆಂದು ತಲೆಯಲ್ಲಾಡಿಸಿದರು. ನಾನು ಫೋನ್ ಕಸಿದುಕೊಂಡು ಕೂಗಿದೆ. ಅತ್ತಲಿನವನು ಏನೋ ತಡಕಾಡಿ, ಈ ವಿಳಾಸ ಪಟ್ಟಿಯಲ್ಲಿಲ್ಲ, ಕಳೆದ ಅಕ್ಟೋಬರಿನಲ್ಲಿ ತೆಗೆಯಲಾಗಿದೆ ಎಂದ. ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದರೆ ಅವನಿಗೆ ತಿಳಿಯದು. ಆಂಬ್ಯುಲೆನ್ಸಿಗೆ ಫೋನ್ ಮಾಡಿ ಎಂದ. ಮಾಡಿದೆ. ಆ ಮಧ್ಯಾಹ್ನ ನಗರದ ಎಷ್ಟು ಮುದುಕರು ಅದೇ ಸರತಿಯಲ್ಲಿದ್ದರೋ, ಅದು ಬರುವಷ್ಟರಲ್ಲಿ ಸಿಲಿಂಡರಿನ ಮುಳ್ಳು ಸೊನ್ನೆ ಮುಟ್ಟಿ ಇಪ್ಪತ್ತು ನಿಮಿಷವಾಗಿತ್ತು. ಅಷ್ಟು ಹೊತ್ತೂ ನಾನು ರಟ್ಟಿನ ತುಂಡಿನಿಂದ ಅವರಿಗೆ ಗಾಳಿ ಬೀಸುತ್ತಿದ್ದೆ. ಶ್ವಾಸಕೋಶ ಸೋತವರಿಗೆ ಆ ಗಾಳಿ ಏನೂ ಅಲ್ಲವೆಂದು ನನಗೆ ತಿಳಿದಿತ್ತು.

ಆಸ್ಪತ್ರೆಯಲ್ಲಿ ಅವರು ಒಂಬತ್ತು ದಿನ ಬದುಕಿದರು. ನಾಲ್ಕನೆಯ ದಿನ, ಅಕ್ಕನೂ ಪಕ್ಕದಲ್ಲಿದ್ದಾಗ, ಮುಖದ ಮೇಲಿನ ಮಾಸ್ಕನ್ನು ಸರಿಸಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು.

“ರಾಯಚೂರಲ್ಲಿ ಬೇಸಿಗೇಲಿ ಫೋನ್ ಮಾಡಿದವರೆಲ್ಲ ಹೇಳೋರು, ಮನೇಲಿ ಪೇಷಂಟ್ ಇದ್ದಾರೆ ಸಾರ್ ಅಂತ. ಹಾಗಂದ್ರೆ ಬೇಗ ಕೊಡ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಮಧ್ಯಾಹ್ನ ಆಯ್ತು ಅಂದ್ರೆ ಊರೆಲ್ಲ ಪೇಷಂಟೇ ಅಂತ ಆಫೀಸಲ್ಲಿ ನಗಾಡ್ತಿದ್ವಿ. ಒಬ್ಬ ಮೂರು ಸಲ ಮಾಡ್ದ. ಕೂಸಿಗೆ ಜ್ವರ ನೆತ್ತಿಗೇರಿದೆ ಅಂದ. ಎಲ್ಲರ ಮನೇಲೂ ಪೇಷಂಟೇ ಕಣ್ರೀ ಅಂದು ರಿಸೀವರ್ ತೆಗೆದು ಪಕ್ಕಕ್ಕಿಟ್ಟೆ. ಮಾರನೇ ದಿನ ಆಫೀಸಿಗೇ ಬಂದ. ಬಯ್ಯಲಿಲ್ಲ. ‘ಕೂಸು ಹೋತ್ರಿ. ನಿನ್ನೆ ಫೋನ್ ಎತ್ತಿದವ್ರು ಯಾರ್ರೀ?’ ಅಂದ. ಅಷ್ಟೇ ಕೇಳಿದ್ದು.”

“ನೀವೇನಂದ್ರಿ ಅಪ್ಪ?” ಎಂದಳು ಅಕ್ಕ.

“ಶಿಫ್ಟ್ ಬದಲಾಗಿದೆ, ಗೊತ್ತಿಲ್ಲ ಅಂದೆ.”

ಅಕ್ಟೋಬರಿಗೆ ಮೊದಲೇ ಕಂಪನಿಯಿಂದ ಪತ್ರ ಬಂದಿತ್ತೆಂದೂ, ಪಟ್ಟಿಯಲ್ಲಿ ಹೆಸರುಳಿಯಲು ವೈದ್ಯರ ಪ್ರಮಾಣಪತ್ರವನ್ನು ಹೊಸದಾಗಿ ಕಳಿಸಬೇಕೆಂದು ಅದರಲ್ಲಿತ್ತೆಂದೂ, ಆಮೇಲೊಂದು ಜ್ಞಾಪನೆಯೂ ಬಂತೆಂದೂ ಅವರೇ ಹೇಳಿದರು. ಎರಡನ್ನೂ ಬೀರುವಿನಲ್ಲಿಟ್ಟು ಸುಮ್ಮನಾಗಿದ್ದರು. “ಸಹಿ ಹಾಕೋಕೆ ಕೂತೆ ಕಣಮ್ಮ. ಈ ಮನೇಲಿ ಪೇಷಂಟ್ ಇದ್ದಾರೆ ಅಂತ ಬರೆದಿತ್ತು. ಬೇರೆಯವರು ಹೇಳ್ದಾಗ ನಂಬದೇ ಇದ್ದವನು ನಾನು. ಕೈ ಬರಲಿಲ್ಲ.” ಆಮೇಲೆ ನನ್ನನ್ನೇ ನೋಡಿ: “ನೀನು ದೂರು ಬರೀತೀಯ, ಬರೀದೆ ಬಿಡೋಳಲ್ಲ. ಇದನ್ನೂ ಬರಿ. ಪತ್ರ ಬಂದಿತ್ತು, ನಾನೇ ಉತ್ತರ ಕೊಡಲಿಲ್ಲ ಅಂತ. ನನ್ನ ಹೆಸರು ಹಾಕಿ ಬರಿ.”

ಐದು ದಿನಗಳ ನಂತರ ಅವರು ತೀರಿಕೊಂಡರು. ಮರಣಪತ್ರದಲ್ಲಿ ಶ್ವಾಸಕೋಶದ ಕಾಯಿಲೆ ಎಂದಿದೆ. ಬಿಸಿಲಿನ ಹೆಸರಿಲ್ಲ, ಕರೆಂಟಿನ ಹೆಸರಿಲ್ಲ.

ಕಂಪನಿಗೆ ದೂರು ಬರೆಯಲು ಕುಳಿತಾಗ ಅಕ್ಕ ಕೈಮುಗಿದಳು. “ಅದೊಂದು ಸಾಲು ಬೇಡ ಕಣೇ. ಅವರು ಅದನ್ನೇ ಹಿಡ್ಕೋತಾರೆ. ಸಾಯೋ ಹೊತ್ತಲ್ಲಿ ಏನೋ ಅಂದ್ರು, ಬಿಟ್ಬಿಡು.” ಅವಳು ಹೇಳಿದ್ದು ತಪ್ಪಾಗಿರಲಿಲ್ಲ. ಆದರೆ ಯಾರು, ಯಾರು ಎಂದು ಹತ್ತು ಪುಟ ಪ್ರಶ್ನಿಸುತ್ತ, ಉತ್ತರ ಕೊಟ್ಟ ಒಬ್ಬನೇ ಮನುಷ್ಯನ ಮಾತನ್ನು ಅಳಿಸುವುದು ನನ್ನಿಂದಾಗಲಿಲ್ಲ. ಆ ಸಾಲನ್ನು ಬರೆದೆ. ಅದರ ಕೆಳಗೇ ಕೇಳಿದೆ: ಉಸಿರಿಗೆ ಯಂತ್ರ ಬೇಕಾದ ಮುದುಕನ ಹೆಸರನ್ನು ಎರಡು ಕಾಗದ ಕಳಿಸಿ ಹೊಡೆದುಹಾಕುವ ನಿಯಮವನ್ನು ಬರೆದವರು ಯಾರು? ಒಂದು ಫೋನ್ ಕರೆ, ಬಾಗಿಲಿಗೊಂದು ತಟ್ಟು ಏಕೆ ಸಾಧ್ಯವಾಗಲಿಲ್ಲ? ನಲವತ್ತನಾಲ್ಕು ಡಿಗ್ರಿಯ ಮಧ್ಯಾಹ್ನ ಯಾವ ಬಡಾವಣೆ ಮೊದಲು ಎಂದು ನಿರ್ಧರಿಸಿದವರು ಯಾರು?

ಏಳು ವಾರಗಳ ಮೇಲೆ ಉತ್ತರ ಬಂತು. ಒಂದೂವರೆ ಪುಟ. ನಮ್ಮ ದುಃಖದಲ್ಲಿ ಅವರೂ ಭಾಗಿಗಳಂತೆ. ಜ್ಞಾಪನಾ ಪತ್ರ ತಲುಪಿದ್ದನ್ನು ಗ್ರಾಹಕರೇ ಒಪ್ಪಿರುವ ಕಾರಣ ಸಂಸ್ಥೆಯ ಕಡೆಯಿಂದ ಲೋಪವಿಲ್ಲವೆಂದು ತೀರ್ಮಾನಿಸಲಾಗಿದೆಯಂತೆ. ಕೆಳಗೆ ಸಹಿಯ ಜಾಗದಲ್ಲಿ ‘ಗ್ರಾಹಕ ಸೇವಾ ತಂಡ’ ಎಂದಿತ್ತು.

ಅಕ್ಕ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. “ಸಮಾಧಾನ ಆಯ್ತಾ? ನಿನ್ನ ಸತ್ಯಕ್ಕೆ ನಮ್ಮಪ್ಪನೇ ಬೇಕಿತ್ತಾ?” ಎಂದಳು. ಆ ತಿಂಗಳ ಕೊನೆಗೆ ನಾನು ಹಿತ್ತಲಿನ ಕೋಣೆ ಖಾಲಿ ಮಾಡಿದೆ.

ಈಗ ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ ಕೆಲಸ, ಬಾಡಿಗೆ ಮನೆ. ಒಬ್ಬ ಮನುಷ್ಯ ಮೂವತ್ತು ವರ್ಷ ನುಂಗಿಕೊಂಡಿದ್ದ ಸುಳ್ಳನ್ನು, ಉಳಿದಿದ್ದ ನಾಲ್ಕಾರು ಉಸಿರು ಖರ್ಚುಮಾಡಿ ಹೊರಹಾಕಿದ. ಒಂದು ಸಂಸ್ಥೆ ಅದನ್ನು ಎತ್ತಿಕೊಂಡು ತನ್ನ ಕೈ ಒರೆಸಿಕೊಂಡಿತು. ಸಾರ್ವಜನಿಕ ನೀತಿಯ ತರಗತಿಗಳಲ್ಲಿ ಉತ್ತರದಾಯಿತ್ವದ ಬಗ್ಗೆ ನಾನು ಎಷ್ಟು ಪುಟ ಓದಿದ್ದೇನೆ! ಅದನ್ನು ಕಣ್ಣಾರೆ ಕಂಡದ್ದು ಒಂದೇ ಸಲ, ಮಾಸ್ಕ್ ಸರಿಸಿದ ಆ ಮುಖದಲ್ಲಿ.

ಕಂಪನಿಯ ತೀರ್ಮಾನದ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದೇನೆ. ಅದರಲ್ಲೂ ಅಂಕಲ್ ಹೇಳಿದ ಸಾಲನ್ನು ತೆಗೆದಿಲ್ಲ. ಕಳುಹಿಸುವ ಮೊದಲು ಅಕ್ಕನಿಗೆ ತಿಳಿಸಬೇಕೆಂದು ಮೂರು ಸಲ ಫೋನ್ ಮಾಡಿದೆ. ಅವಳು ಎತ್ತಲಿಲ್ಲ.